ಧರ್ಮಾಸ್ಪತ್ರೆಯ ಬಾಗಿಲಲ್ಲಿ: ಔಷಧಕ್ಕೂ ಅನ್ನಕ್ಕೂ ನಡುವಣ ಸೇತುವೆಯ ಚರಿತ್ರೆ

1827ರ ಚಳಿಗಾಲದ ಒಂದು ರಾತ್ರಿ ವಿಲಿಯಂ ಮಾರ್ಸ್ಡನ್ ಎಂಬ ತರುಣ ಶಸ್ತ್ರವೈದ್ಯನು ಲಂಡನ್ನಿನ ಹೋಬರ್ನ್ ಪ್ರದೇಶದ ಸೇಂಟ್ ಆಂಡ್ರೂಸ್ ಚರ್ಚಿನ ಮೆಟ್ಟಿಲ ಬಳಿ ಸಾವಿನಂಚಿನಲ್ಲಿದ್ದ ಯುವತಿಯೊಬ್ಬಳನ್ನು ಕಂಡನೆಂದು ಪ್ರತೀತಿ. ಅವಳನ್ನು ಯಾವ ಆಸ್ಪತ್ರೆಯೂ ಸೇರಿಸಿಕೊಳ್ಳಲಿಲ್ಲ. ಅಂದಿನ ಆಸ್ಪತ್ರೆಗಳು ಸಿರಿವಂತರ ವಂತಿಗೆಯಿಂದ ನಡೆಯುತ್ತಿದ್ದವು. ವಂತಿಗೆ ಕೊಟ್ಟವರ ಶಿಫಾರಸು ಪತ್ರವಿಲ್ಲದೆ ಬಡರೋಗಿಗೆ ಒಳಗೆ ಪ್ರವೇಶವಿರಲಿಲ್ಲ. ಆ ಯುವತಿ ಬದುಕಲಿಲ್ಲ. ಮರುವರ್ಷವೇ, ಅಂದರೆ 1828ರಲ್ಲಿ, ಮಾರ್ಸ್ಡನ್ ಒಂದು ಚಿಕಿತ್ಸಾಲಯವನ್ನು ತೆರೆದನು. ಅಲ್ಲಿ ಪತ್ರ ಬೇಕಿರಲಿಲ್ಲ, ಹಣವೂ ಬೇಕಿರಲಿಲ್ಲ. ಬಡತನ ಮತ್ತು ಕಾಯಿಲೆ ಇವೆರಡೇ ಸಾಕಿದ್ದವು. ಅದೇ ಇಂದಿನ ರಾಯಲ್ ಫ್ರೀ ಆಸ್ಪತ್ರೆ.

ನಮ್ಮ ಹಳೆಯ ಮೈಸೂರು ಕಡೆಯ ಹಿರಿಯರ ಮಾತಿನಲ್ಲಿ ಇದನ್ನು ಧರ್ಮಾಸ್ಪತ್ರೆ ಎನ್ನಬಹುದು. ಆದರೆ ಧರ್ಮಾಸ್ಪತ್ರೆಯ ಬಾಗಿಲು ತೆರೆದ ಕೂಡಲೇ ಎರಡು ಪ್ರಶ್ನೆಗಳು ಏಳುತ್ತವೆ. ಒಳಗೆ ಬಂದವನು ನಿಜವಾಗಿಯೂ ಬಡವನೇ ಎಂಬುದು ಮೊದಲನೆಯದು. ಔಷಧ ಪಡೆದು ಹೊರಗೆ ಹೋದವನಿಗೆ ಮನೆಯಲ್ಲಿ ಅನ್ನವಿದೆಯೇ ಎಂಬುದು ಎರಡನೆಯದು. ಆಸ್ಪತ್ರೆಯ ಬಾಗಿಲಲ್ಲಿ ಕುಳಿತು ಈ ಎರಡು ಪ್ರಶ್ನೆಗಳನ್ನು ಕೇಳಿದವರ ಚರಿತ್ರೆಯೇ ಈ ಲೇಖನದ ವಸ್ತು. ಇಂದು ನಮ್ಮ ಜಿ.ಪಿ. ಸರ್ಜರಿಗಳ ಸೂಚನಾಫಲಕದಲ್ಲಿ ಕಾಣುವ ‘ಸೋಷಿಯಲ್ ಪ್ರಿಸ್ಕ್ರೈಬಿಂಗ್ ಲಿಂಕ್ ವರ್ಕರ್’ ಎಂಬ ಉದ್ದನೆಯ ಹೆಸರಿನ ಹಿಂದೆ ನೂರಿಪ್ಪತ್ತೈದು ವರ್ಷಗಳಿಗೂ ಮಿಕ್ಕ ಕಥೆಯಿದೆ.

ಕಾವಲಿಗೆ ಬಂದವಳು

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಕಿಕ್ಕಿರಿದು ತುಂಬುತ್ತಿದ್ದವು. ಹಣ ಕೊಡಬಲ್ಲವರೂ ಉಚಿತ ಚಿಕಿತ್ಸೆಗೆ ಸಾಲುಗಟ್ಟುತ್ತಿದ್ದಾರೆ, ಇದು ದಾನದ ದುರುಪಯೋಗ ಎಂಬ ಆಕ್ಷೇಪ ಜೋರಾಗಿತ್ತು. 1869ರಲ್ಲಿ ಸ್ಥಾಪನೆಗೊಂಡಿದ್ದ ಚಾರಿಟಿ ಆರ್ಗನೈಸೇಷನ್ ಸೊಸೈಟಿಯು ಈ ವಾದದ ಮುಂಚೂಣಿಯಲ್ಲಿತ್ತು. ದಾನವನ್ನು ಪಾತ್ರಾಪಾತ್ರ ವಿಚಾರಿಸಿಯೇ ಕೊಡಬೇಕೆಂಬುದು ಅದರ ನಿಲುವು. ಅದರ ಕಾರ್ಯದರ್ಶಿ ಚಾರ್ಲ್ಸ್ ಲಾಕ್ ಅವರ ಒತ್ತಾಸೆಯಿಂದ 1895ರ ಜನವರಿಯಲ್ಲಿ ಮೇರಿ ಸ್ಟೂವರ್ಟ್ ಎಂಬ ಮಹಿಳೆ ರಾಯಲ್ ಫ್ರೀ ಆಸ್ಪತ್ರೆಗೆ ‘ಆಲ್ಮನರ್’ ಆಗಿ ಬಂದರು. ಮಧ್ಯಯುಗದ ಕ್ರೈಸ್ತ ಮಠಗಳಲ್ಲಿ ದಾನ ಹಂಚುವ ಅಧಿಕಾರಿಗೆ ಇದ್ದ ಹೆಸರು ಅದು. ನೇಮಕ ಮೂರು ತಿಂಗಳ ಪ್ರಯೋಗಕ್ಕೆ ಮಾತ್ರ. ಸಂಬಳದ ಹೊಣೆ ಸೊಸೈಟಿಯದು.

ಆಕೆಗೆ ಒಪ್ಪಿಸಿದ ಕೆಲಸಗಳು ಮೂರು. ಹಣ ಕೊಡಬಲ್ಲವರು ಉಚಿತ ಚಿಕಿತ್ಸೆ ಪಡೆಯದಂತೆ ತಡೆಯುವುದು. ತೀರಾ ನಿರ್ಗತಿಕರನ್ನು ಬಡವರ ಕಾನೂನಿನ ಅಧಿಕಾರಿಗಳ ಬಳಿಗೆ ಕಳುಹಿಸುವುದು. ಅಲ್ಪಸ್ವಲ್ಪ ಸಂಪಾದನೆ ಇರುವವರನ್ನು ಕಂತಿನ ಹಣ ಕಟ್ಟಿ ಚಿಕಿತ್ಸೆ ಪಡೆಯುವ ಪ್ರಾವಿಡೆಂಟ್ ಔಷಧಾಲಯಗಳಿಗೆ ಸೇರಲು ಪ್ರೇರೇಪಿಸುವುದು. ಈ ಪಟ್ಟಿಯಲ್ಲಿ ಕರುಣೆಗಿಂತ ಕಾವಲೇ ಹೆಚ್ಚೆಂಬುದು ಸ್ಪಷ್ಟ.

ಆದರೆ ಹೊರರೋಗಿ ವಿಭಾಗದ ಮೂಲೆಯಲ್ಲಿ ಕುಳಿತು ರೋಗಿಗಳ ಮಾತನ್ನು ಕೇಳತೊಡಗಿದಾಗ ಬೇರೆಯೇ ಚಿತ್ರ ಕಂಡಿತು. ಮೋಸಗಾರರು ಬೆರಳೆಣಿಕೆಯಷ್ಟೇ ಇದ್ದರು. ಉಳಿದವರ ಕಷ್ಟ ಇನ್ನೊಂದು ಬಗೆಯದು: ಹಾಲು ಮೊಟ್ಟೆ ಸೇವಿಸಬೇಕೆಂದು ವೈದ್ಯರು ಹೇಳಿದರೆ ಅದನ್ನು ಕೊಳ್ಳಲು ಕಾಸಿಲ್ಲ, ವಿಶ್ರಾಂತಿ ಬೇಕೆಂದರೆ ಅಂದಿನ ಕೂಲಿ ತಪ್ಪುತ್ತದೆ, ಗಾಳಿ ಬೆಳಕಿರುವ ಕಡೆ ವಾಸಿಸಿರೆಂದರೆ ಇರುವುದು ಇಡೀ ಸಂಸಾರಕ್ಕೆ ಒಂದೇ ಕೋಣೆ. ಕೊಟ್ಟ ಔಷಧವೇ ವ್ಯರ್ಥವಾಗುತ್ತಿತ್ತು. ಮೋಸ ಹಿಡಿಯಲು ಬಂದ ಹುದ್ದೆ ಹೀಗೆ ಮೆಲ್ಲಮೆಲ್ಲನೆ ನೆರವು ಹುಡುಕುವ ಹುದ್ದೆಯಾಯಿತು. ಮೇರಿ ಸ್ಟೂವರ್ಟ್ 1899ರಲ್ಲಿ ನಿವೃತ್ತರಾದರು. ಹುದ್ದೆ ಉಳಿಯಿತು, ಬೆಳೆಯಿತು. 1905ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಗೆ ಬಂದ ಆನ್ ಕಮ್ಮಿನ್ಸ್ ಈ ವೃತ್ತಿಗೆ ಘನತೆ ತಂದವರಲ್ಲಿ ಪ್ರಮುಖರು. ಕ್ಷಯರೋಗಿಗಳು, ಬಾಣಂತಿಯರು ಮತ್ತು ಎಳೆಗೂಸುಗಳ ಮನೆಯ ಸ್ಥಿತಿಯನ್ನು ತಿಳಿಯುವುದನ್ನು ಅವರು ಚಿಕಿತ್ಸೆಯ ಭಾಗವನ್ನಾಗಿಯೇ ಮಾಡಿದರು.

ಇಲ್ಲಿ ಭಾರತದ ಒಂದು ನೆನಪೂ ಇದೆ. ಬಾಲ್ಯವಿವಾಹದ ಮೊಕದ್ದಮೆಯಿಂದ ಹೆಸರಾಗಿದ್ದ ರುಖ್ಮಾಬಾಯಿ ಲಂಡನ್ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ಓದಿ ವೈದ್ಯೆಯಾದದ್ದು 1894ರಲ್ಲಿ. ಆ ಶಾಲೆಯ ವಿದ್ಯಾರ್ಥಿನಿಯರು ರೋಗಿಗಳ ನಡುವೆ ಕಲಿಯುತ್ತಿದ್ದದ್ದು ಇದೇ ರಾಯಲ್ ಫ್ರೀ ಆಸ್ಪತ್ರೆಯಲ್ಲಿ.

ಅಟ್ಲಾಂಟಿಕ್‌ನ ಆಚೆ

1905ರಲ್ಲಿಯೇ ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ರಿಚರ್ಡ್ ಕ್ಯಾಬಟ್ ಇಂಥದೇ ಪ್ರಯೋಗವನ್ನು ಆರಂಭಿಸಿದರು. ಅವರ ಪ್ರೇರಣೆ ಬೇರೆ. ದುರುಪಯೋಗದ ಶಂಕೆ ಅವರನ್ನು ಕಾಡಿರಲಿಲ್ಲ. ತಾವು ಬರೆದುಕೊಡುವ ಸಲಹೆಗಳನ್ನು ಪಾಲಿಸಲು ರೋಗಿಗೆ ಸಾಧ್ಯವೇ ಇಲ್ಲವೆಂಬ ಅರಿವು ಕಾಡಿತ್ತು. ಗಾರ್ನೆಟ್ ಪೆಲ್ಟನ್ ಎಂಬ ದಾದಿ ಮೊದಲ ಕಾರ್ಯಕರ್ತೆಯಾದರು. ಮರುವರ್ಷ ಬಂದ ಐಡಾ ಕ್ಯಾನನ್ ಮುಂದೆ ಹಲವು ದಶಕಗಳ ಕಾಲ ಈ ವಿಭಾಗವನ್ನು ಕಟ್ಟಿದರು. ಆದರೂ ಆಸ್ಪತ್ರೆಯ ಆಡಳಿತವು ಇದನ್ನು ತನ್ನ ಅಧಿಕೃತ ವಿಭಾಗವೆಂದು ಒಪ್ಪಿ ವೆಚ್ಚ ವಹಿಸಿಕೊಂಡದ್ದು 1919ರಲ್ಲಿ. ಅಲ್ಲಿಯವರೆಗೆ ದಾನಿಗಳ ಹಣವೇ ಆಧಾರವಾಗಿತ್ತು.

ಅದೇ ದೇಶದ ಮಿಸಿಸಿಪ್ಪಿ ರಾಜ್ಯದ ಮೌಂಡ್ ಬೇಯೂ ಎಂಬ ಊರಿನಲ್ಲಿ 1960ರ ದಶಕದಲ್ಲಿ ನಡೆದ ಘಟನೆ ಇನ್ನೂ ನೇರವಾದದ್ದು. ಡಾ. ಜ್ಯಾಕ್ ಗೈಗರ್ ಮತ್ತು ಸಂಗಡಿಗರು ಅಲ್ಲಿ ಸ್ಥಾಪಿಸಿದ ಸಮುದಾಯ ಆರೋಗ್ಯ ಕೇಂದ್ರಕ್ಕೆ ಬರುತ್ತಿದ್ದ ಕಪ್ಪು ಜನಾಂಗದ ಬಡ ಕೃಷಿಕಾರ್ಮಿಕರ ಮಕ್ಕಳು ಹಸಿವಿನಿಂದ ಕಂಗೆಟ್ಟಿದ್ದರು. ವೈದ್ಯರು ಔಷಧದ ಚೀಟಿಯ ಮೇಲೆ ಆಹಾರವನ್ನೇ ಬರೆದರು. ಊರಿನ ದಿನಸಿ ಅಂಗಡಿಗಳು ಆ ಚೀಟಿಗೆ ಹಾಲು, ತರಕಾರಿ, ಮಾಂಸ ಕೊಟ್ಟವು. ಬಿಲ್ಲು ಕೇಂದ್ರದ ಔಷಧಾಲಯದ ಲೆಕ್ಕಕ್ಕೆ ಹೋಯಿತು. ಹಣ ಕೊಡುತ್ತಿದ್ದ ಸರ್ಕಾರಿ ಕಚೇರಿ ಆಕ್ಷೇಪಿಸಿತು. ಅಪೌಷ್ಟಿಕತೆಗೆ ತಮ್ಮ ವೈದ್ಯಗ್ರಂಥಗಳು ಹೇಳುವ ಔಷಧ ಆಹಾರವೇ ಎಂಬ ಅರ್ಥದ ಉತ್ತರವನ್ನು ಗೈಗರ್ ಕೊಟ್ಟರು. ಚೀಟಿಯಲ್ಲಿಗೇ ನಿಲ್ಲದೆ ಆ ಕೇಂದ್ರವು ಕೃಷಿ ಸಹಕಾರ ಸಂಘವೊಂದನ್ನು ಕಟ್ಟಲು ನೆರವಾಯಿತು. ಬಾವಿಗಳನ್ನೂ ಶೌಚಾಲಯಗಳನ್ನೂ ತೋಡಿಸಿತು.

ಒಂದೇ ದಿನ, ಎರಡು ಮನೆ

ಬ್ರಿಟನ್ನಿನಲ್ಲಿ ಆಲ್ಮನರರ ದಾರಿ ಅಷ್ಟು ಸುಗಮವಾಗಿರಲಿಲ್ಲ. ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ವಂತಿಗೆಯ ಆಸ್ಪತ್ರೆಗಳಿಗೆ ಹಣ ಸಾಲದಾಯಿತು. ರೋಗಿ ಎಷ್ಟು ಕೊಡಬಲ್ಲನೆಂದು ವಿಚಾರಿಸಿ ನಿಗದಿ ಮಾಡುವ ಕೆಲಸ ಮತ್ತೆ ಆಲ್ಮನರರ ಕೊರಳಿಗೆ ಬಿತ್ತು. ನೆರವಿಗೆ ಬಂದವರೇ ಆದಾಯ ಕೇಳುವವರಾದಾಗ ರೋಗಿ ಮನ ಬಿಚ್ಚಿ ಮಾತನಾಡುವುದುಂಟೇ? ಆ ತಲೆಮಾರಿನ ಅನೇಕ ಬಡವರಿಗೆ ಆಲ್ಮನರ್ ಎಂದರೆ ಮೇಜಿನ ಹಿಂದೆ ಕುಳಿತು ಸಂಬಳದ ಲೆಕ್ಕ ಕೇಳುವ ಹೆಂಗಸು ಎಂದೇ ನೆನಪು ಉಳಿಯಿತು.

1942ರಲ್ಲಿ ವಿಲಿಯಂ ಬೆವರಿಜ್ ತಮ್ಮ ವರದಿಯಲ್ಲಿ ಸಮಾಜವನ್ನು ಪೀಡಿಸುವ ಐದು ದೈತ್ಯರನ್ನು ಹೆಸರಿಸಿದರು: ಕೊರತೆ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ. ಈ ಐವರೂ ಒಬ್ಬರ ಕೈ ಒಬ್ಬರು ಹಿಡಿದು ಬರುವವರೆಂಬುದನ್ನು ಆಲ್ಮನರರು ಅದಾಗಲೇ ಅರ್ಧ ಶತಮಾನ ಕಾಲ ಕಣ್ಣಾರೆ ಕಂಡಿದ್ದರು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್.ಎಚ್.ಎಸ್., ಜಾರಿಗೆ ಬಂದಿತು. ಅದೇ ದಿನ ರಾಷ್ಟ್ರೀಯ ವಿಮೆಯ ಹೊಸ ವ್ಯವಸ್ಥೆಯೂ, ಬಡವರ ಹಳೆಯ ಕಾನೂನನ್ನು ಕೊನೆಗೊಳಿಸಿದ ರಾಷ್ಟ್ರೀಯ ನೆರವು ಕಾಯಿದೆಯೂ ಜಾರಿಯಾದವು. ಆಲ್ಮನರರ ಹೆಗಲಿನಿಂದ ಹಣ ವಸೂಲಿಯ ಹೊರೆ ಇಳಿಯಿತು. ಮೊದಲ ಬಾರಿಗೆ ಅವರು ಎರಡನೆಯ ಪ್ರಶ್ನೆಯನ್ನು ಮಾತ್ರ ಕೇಳಬಹುದಾಗಿತ್ತು. 1964ರಲ್ಲಿ ಅವರ ಸಂಸ್ಥೆಯು ಹಳೆಯ ಹೆಸರನ್ನು ಬಿಟ್ಟು ವೈದ್ಯಕೀಯ ಸಮಾಜಕಾರ್ಯಕರ್ತರ ಸಂಸ್ಥೆ ಎಂದು ಕರೆದುಕೊಂಡಿತು.

ಆದರೆ ಅಂದಿನ ವ್ಯವಸ್ಥೆಯಲ್ಲಿ ಒಂದು ಬಿರುಕೂ ಇತ್ತು. ಚಿಕಿತ್ಸೆಯು ಎಲ್ಲರಿಗೂ ಉಚಿತವಾಗಿ ರಾಷ್ಟ್ರೀಯ ಸೇವೆಯ ಮನೆಗೆ ಸೇರಿತು. ವೃದ್ಧರ ಮತ್ತು ಅಶಕ್ತರ ಆರೈಕೆಯು ಆದಾಯ ನೋಡಿ ಕೊಡುವ ಸ್ಥಳೀಯ ಕೌನ್ಸಿಲ್‌ಗಳ ಮನೆಗೆ ಸೇರಿತು. 1974ರಲ್ಲಿ ಆಸ್ಪತ್ರೆಯ ಸಮಾಜಕಾರ್ಯಕರ್ತರೂ ಕೌನ್ಸಿಲ್‌ಗಳ ಅಧೀನಕ್ಕೆ ಹೋದರು. ರೋಗಿ ಒಬ್ಬನೇ, ಅವನ ಕಡತಗಳು ಮಾತ್ರ ಎರಡು ಕಟ್ಟಡಗಳಲ್ಲಿ ಹಂಚಿಹೋದವು. ಗುಣವಾದ ವೃದ್ಧರು ಮನೆಯಲ್ಲಿ ನೋಡಿಕೊಳ್ಳುವ ವ್ಯವಸ್ಥೆಯಾಗದೆ ವಾರಗಟ್ಟಲೆ ಆಸ್ಪತ್ರೆಯ ಹಾಸಿಗೆಯಲ್ಲೇ ಉಳಿಯುವ ಸುದ್ದಿಯನ್ನು ನಾವು ಇಂದಿಗೂ ಓದುತ್ತೇವೆ. ಅದರ ಬೇರು ಈ ಬಿರುಕಿನಲ್ಲಿಯೂ ಇದೆ.

ವೇಲ್ಸ್‌ನ ಗಣಿ ಹಳ್ಳಿ ಗ್ಲಿನ್‌ಕೊರುಗ್‌ನಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ‘ವಿಲೋಮ ಆರೈಕೆಯ ನಿಯಮ’ವನ್ನು ಮಂಡಿಸಿದರು. ಉತ್ತಮ ಚಿಕಿತ್ಸೆ ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಅದು ಕಡಿಮೆ ಸಿಗುತ್ತದೆ ಎಂಬುದು ಅದರ ಸಾರ. ಇಂಥ ಗಣಿ ಕಣಿವೆಗಳಲ್ಲೂ ಕಾರ್ಖಾನೆಯ ಊರುಗಳಲ್ಲೂ ಇತರರು ಬರಲೊಲ್ಲದ ಸರ್ಜರಿಗಳನ್ನು ನಡೆಸಿದವರಲ್ಲಿ ಭಾರತ ಉಪಖಂಡದ ವೈದ್ಯರು ಬಹಳ. ಕರ್ನಾಟಕದ ಕಾಲೇಜುಗಳಲ್ಲಿ ಕಲಿತು ಬಂದವರೂ ಅವರಲ್ಲಿದ್ದರು. ಚೀಟಿಯಲ್ಲಿ ಬರೆಯಲಾಗದ ಕಾಯಿಲೆಗಳನ್ನು ಅವರು ದಿನವೂ ಕಂಡವರು.

ತಾಯ್ನಾಡಿನಲ್ಲಿ

ಭಾರತದಲ್ಲಿ ಸಮಾಜಕಾರ್ಯದ ಮೊದಲ ಶಾಲೆ 1936ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಅದೇ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು. 1946ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯು ವೈದ್ಯಕೀಯ ಸಮಾಜಕಾರ್ಯಕರ್ತರನ್ನು ನೇಮಿಸಿತು. ಅದೇ ವರ್ಷ ಹೊರಬಂದ ಭೋರ್ ಸಮಿತಿಯ ವರದಿಯು ಆಸ್ಪತ್ರೆಗಳಿಗೆ ಇಂಥವರು ಬೇಕೆಂದು ಹೇಳಿತು.

ಕ್ಷಯದ ಚರಿತ್ರೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. 1950ರ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ನಡೆದ ಪ್ರಸಿದ್ಧ ಅಧ್ಯಯನವೊಂದು, ಬಡರೋಗಿಗಳು ತಮ್ಮ ಮನೆಯಲ್ಲಿಯೇ ಇದ್ದು ಔಷಧ ಸೇವಿಸಿದರೂ ಸ್ಯಾನಟೋರಿಯಂ ವಾಸಿಗಳಷ್ಟೇ ಚೆನ್ನಾಗಿ ಗುಣವಾಗುತ್ತಾರೆಂದು ತೋರಿಸಿತು. ಇದು ಕೋಟ್ಯಂತರ ಜನರಿಗೆ ಶುಭವಾರ್ತೆ. ಆದರೆ ಔಷಧವೊಂದಿದ್ದರೆ ಸಾಕು, ಆಹಾರದ ಮಾತು ಮುಖ್ಯವಲ್ಲ ಎಂಬ ಭಾವನೆಯೂ ಅದರ ಬೆನ್ನಿಗೇ ಬೆಳೆಯಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ಬ್ಯಾನರ್ಜಿ ಮತ್ತು ಆ್ಯಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಗರು ಅಜ್ಞಾನದಿಂದ ವೈದ್ಯರ ಬಳಿಗೆ ಬರುವುದಿಲ್ಲವೆಂಬ ನಂಬಿಕೆಯನ್ನು ಅದು ಸುಳ್ಳಾಗಿಸಿತು. ಕ್ಷಯಪೀಡಿತರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆರೋಗ್ಯ ಕೇಂದ್ರಗಳ ಬಾಗಿಲು ತಟ್ಟಿದ್ದರು. ಹೆಚ್ಚಿನವರಿಗೆ ಸಿಕ್ಕಿದ್ದು ಕೆಮ್ಮಿನ ನೀರೌಷಧ. ಜನ ಬಾಗಿಲವರೆಗೆ ಬಂದಿದ್ದರು. ಬಾಗಿಲಲ್ಲಿ ಅವರ ಮಾತು ಕೇಳುವವರಿರಲಿಲ್ಲ.

ಆಹಾರದ ಪ್ರಶ್ನೆ ಮರಳಿ ಬಂದದ್ದು ನಮ್ಮ ಕಾಲದಲ್ಲಿ. 2018ರ ಏಪ್ರಿಲ್‌ನಿಂದ ಭಾರತ ಸರ್ಕಾರವು ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯಲ್ಲಿರುವ ಕ್ಷಯರೋಗಿಗೆ ತಿಂಗಳಿಗೆ 500 ರೂಪಾಯಿ ಕೊಡತೊಡಗಿತು. 2024ರ ನವೆಂಬರ್‌ನಿಂದ ಅದನ್ನು 1,000ಕ್ಕೆ ಏರಿಸಿತು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಚೆನ್ನೈನ ಕ್ಷಯ ಸಂಶೋಧನಾ ಸಂಸ್ಥೆಯ ಜೊತೆಗೂಡಿ ಜಾರ್ಖಂಡ್‌ನಲ್ಲಿ ನಡೆಸಿದ ‘ರೇಷನ್ಸ್’ ಎಂಬ ಪ್ರಯೋಗದ ಫಲಿತಾಂಶ 2023ರಲ್ಲಿ ಹೊರಬಂದಿತು. 2,800 ರೋಗಿಗಳ 10,345 ಮಂದಿ ಮನೆಯವರನ್ನು ಅದು ಗಮನಿಸಿತು. ಮನೆಮಂದಿಗೂ ಅಕ್ಕಿ, ಬೇಳೆ ಮತ್ತು ಪೋಷಕಾಂಶದ ಮಾತ್ರೆಗಳನ್ನು ಕೊಟ್ಟ ಕಡೆ ಹೊಸದಾಗಿ ಕ್ಷಯ ತಗಲುವುದು ಶೇ. 39ರಷ್ಟು, ಸೋಂಕು ಹರಡಬಲ್ಲ ಶ್ವಾಸಕೋಶದ ಕ್ಷಯ ಶೇ. 48ರಷ್ಟು ಕಡಿಮೆಯಾಗಿತ್ತು. ಬಡವನ ಮನೆಯ ಅಡುಗೆಪಾತ್ರೆಗೂ ರೋಗಕ್ಕೂ ಇರುವ ನಂಟನ್ನು ಇದಕ್ಕಿಂತ ಸ್ಪಷ್ಟವಾಗಿ ಅಂಕಿಗಳಲ್ಲಿ ಹೇಳುವುದು ಕಷ್ಟ.

ಮರಳಿ ಬಂದ ಸೇತುವೆ

ಬ್ರಿಟನ್ನಿನಲ್ಲಿ ಈ ಸೇತುವೆಯನ್ನು ಹೊಸದಾಗಿ ಕಟ್ಟಿದವರಲ್ಲಿ ಪೂರ್ವ ಲಂಡನ್ನಿನ ಬ್ರೊಮ್ಲಿ ಬೈ ಬೋ ಕೇಂದ್ರದ ಹೆಸರು ದೊಡ್ಡದು. 1984ರಲ್ಲಿ ಆ್ಯಂಡ್ರೂ ಮಾಸನ್ ಎಂಬ ಪಾದ್ರಿ ಕೆಲವೇ ಜನ ಬರುತ್ತಿದ್ದ ತಮ್ಮ ಚರ್ಚನ್ನು ನೆರೆಹೊರೆಯವರಿಗೆ ತೆರೆದರು. ಮುಂದೆ ಅಲ್ಲಿಯೇ ವೈದ್ಯರ ಸರ್ಜರಿಯೂ ಬಂದಿತು. ಸಾಲದ ಸಲಹೆ, ಉದ್ಯೋಗದ ನೆರವು, ತೋಟಗಾರಿಕೆ, ಭಾಷಾ ತರಗತಿ, ರಕ್ತದೊತ್ತಡದ ತಪಾಸಣೆ ಎಲ್ಲವೂ ಒಂದೇ ಅಂಗಳದಲ್ಲಿ ಸಿಗುವಂತಾಯಿತು. 2019ರ ಜನವರಿಯಲ್ಲಿ ಪ್ರಕಟವಾದ ಎನ್.ಎಚ್.ಎಸ್. ದೀರ್ಘಾವಧಿ ಯೋಜನೆಯು ಇಂಗ್ಲೆಂಡಿನಾದ್ಯಂತ 1,000ಕ್ಕೂ ಹೆಚ್ಚು ಲಿಂಕ್ ವರ್ಕರ್‌ಗಳನ್ನು ನೇಮಿಸುವ ಗುರಿಯನ್ನು ಇಟ್ಟುಕೊಂಡಿತು.

ಆದರೂ ಸೇತುವೆಯ ಆಚೆ ದಡದಲ್ಲಿ ಏನಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಅಮೆರಿಕದಲ್ಲಿ 2017ರಿಂದ ನಡೆದ ದೊಡ್ಡ ಸರ್ಕಾರಿ ಪ್ರಯೋಗವೊಂದರಲ್ಲಿ ರೋಗಿಗಳಿಗೆ ವಸತಿ, ಆಹಾರ, ವಿದ್ಯುತ್ತು ಮತ್ತು ನೀರು, ಸಾರಿಗೆ, ಮನೆಯೊಳಗಿನ ಸುರಕ್ಷತೆ ಈ ಐದರ ಬಗ್ಗೆ ಪ್ರಶ್ನೆ ಕೇಳಿ ದಾರಿ ತೋರಿಸಲಾಯಿತು. ತುರ್ತು ಚಿಕಿತ್ಸಾ ವಿಭಾಗಕ್ಕೆ ಬರುವುದು ಕೆಲವು ಗುಂಪುಗಳಲ್ಲಿ ತಗ್ಗಿತು. ಆದರೆ ದಾರಿ ತೋರಿಸಿದ ಮಾತ್ರಕ್ಕೆ ಕೊರತೆಗಳು ಹೆಚ್ಚಾಗಿ ನೀಗಲಿಲ್ಲ. ಬಾಡಿಗೆಗೆ ಮನೆಯೇ ಇಲ್ಲದ ಊರಿನಲ್ಲಿ ಮನೆಯ ವಿಳಾಸ ಯಾರು ಕೊಟ್ಟಾರು? ಮೌಂಡ್ ಬೇಯೂ ಮತ್ತು ಜಾರ್ಖಂಡ್‌ಗಳಲ್ಲಿ ಗೆದ್ದದ್ದು ವಿಳಾಸದ ಚೀಟಿಯಲ್ಲ, ಕೈಗೆ ಬಂದ ಧಾನ್ಯ.

ನಮ್ಮ ಪಾಲಿನ ಮಾತು

ಈ ಚರಿತ್ರೆ ವಲಸಿಗರಾದ ನಮಗೆ ಇನ್ನೊಂದು ಕಾರಣಕ್ಕೂ ಹತ್ತಿರದ್ದು. ಮೇರಿ ಸ್ಟೂವರ್ಟ್ ಅವರಿಗೆ ಒಪ್ಪಿಸಿದ್ದ ಮೊದಲ ಕೆಲಸ ಇಂದಿಗೂ ಜೀವಂತವಾಗಿದೆ. 2017ರ ಅಕ್ಟೋಬರ್‌ನಿಂದ ಇಂಗ್ಲೆಂಡಿನ ಆಸ್ಪತ್ರೆಗಳು, ತುರ್ತಲ್ಲದ ಚಿಕಿತ್ಸೆಗೆ ಮುನ್ನ, ಉಚಿತ ಸೇವೆಗೆ ಅರ್ಹರಲ್ಲದವರಿಂದ ಮುಂಗಡವಾಗಿ ಹಣ ಪಡೆಯಬೇಕು. ಮಕ್ಕಳನ್ನು ನೋಡಲು ಸಂದರ್ಶಕ ವೀಸಾದಲ್ಲಿ ಬರುವ ನಮ್ಮ ತಂದೆತಾಯಂದಿರು ಈ ಸಾಲಿಗೆ ಸೇರುತ್ತಾರೆ. ಅವರಿಗೆ ತಗಲುವ ಶುಲ್ಕ ಎನ್.ಎಚ್.ಎಸ್. ದರದ ಒಂದೂವರೆ ಪಟ್ಟು. ದುಡಿಯಲು ಬಂದವರು ವೀಸಾದ ಜೊತೆಗೇ ಆರೋಗ್ಯ ಶುಲ್ಕ ಕಟ್ಟುತ್ತಾರೆ: 2015ರಲ್ಲಿ ವರ್ಷಕ್ಕೆ 200 ಪೌಂಡ್ ಇದ್ದದ್ದು 2024ರ ಫೆಬ್ರವರಿಯಿಂದ 1,035 ಪೌಂಡ್ ಆಗಿದೆ. ಹಾಗೆ ಕಟ್ಟಿದವರಿಗೂ ಸರ್ಕಾರಿ ಭತ್ಯೆಗಳು ಸಾಮಾನ್ಯವಾಗಿ ಲಭ್ಯವಿಲ್ಲ. ದೇಶಕ್ಕೆ ತನ್ನ ಹಣದ ಲೆಕ್ಕ ಕೇಳುವ ಹಕ್ಕಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಲೆಕ್ಕದ ಮೇಜು ಬಾಗಿಲಿಗೇ ಬಂದು ಕುಳಿತಾಗ ನಿಜವಾಗಿ ನೆರವು ಬೇಕಾದವರು ಹಿಂದಿರುಗಿ ಹೋಗುತ್ತಾರೆಂಬುದನ್ನು ಆಲ್ಮನರರ ಕಥೆ ನೆನಪಿಸುತ್ತದೆ.

ನಮ್ಮವರನ್ನು ತಡೆಯುವ ಇನ್ನೊಂದು ಕಾವಲು ನಮ್ಮೊಳಗೇ ಇದೆ. ಅದು ಸಂಕೋಚ. ‘ನಾವೇಕೆ ಇನ್ನೊಬ್ಬರ ಮುಂದೆ ಕೈಚಾಚಬೇಕು’ ಎಂಬ ಮಾತನ್ನು ಕೇಳದ ಮನೆಯಿಲ್ಲ. ಒಂಟಿಯಾದ ಹಿರಿಯರು, ಕೆಲಸ ಕಳೆದುಕೊಂಡು ಬಾಡಿಗೆಗೆ ಪರದಾಡುವ ಕುಟುಂಬ, ಹೊಸದಾಗಿ ಬಂದು ಭಾಷೆ ತೊಡರುವ ಬಾಣಂತಿ, ಇವರು ವೈದ್ಯರ ಮುಂದೆ ಹೇಳುವುದು ನಿದ್ದೆ ಬರುತ್ತಿಲ್ಲವೆಂದು ಮಾತ್ರ. ಜಿ.ಪಿ. ಸರ್ಜರಿಯಲ್ಲಿ ನೋಂದಾಯಿಸಿಕೊಳ್ಳಲು ವೀಸಾದ ಸ್ಥಿತಿ ಅಡ್ಡಿಯಲ್ಲ. ಕ್ಷಯದಂಥ ಸಾಂಕ್ರಾಮಿಕ ರೋಗದ ಚಿಕಿತ್ಸೆಗೆ ಯಾರಿಗೂ ಶುಲ್ಕವಿಲ್ಲ. ಲಿಂಕ್ ವರ್ಕರ್ ಅವರನ್ನು ಕಾಣಬೇಕೆಂದು ಸ್ವಾಗತ ಮೇಜಿನಲ್ಲಿ ಕೇಳಿದರೆ ಸಾಕು. ಇವಿಷ್ಟನ್ನು ನಮ್ಮ ಸದಸ್ಯರು ತಮ್ಮ ನೆರೆಯವರಿಗೂ ತಿಳಿಸಬೇಕೆಂದು ವಿನಂತಿ. ಲಿಂಕ್ ವರ್ಕರ್ ಒಬ್ಬರು ಕನ್ನಡದ ಅಜ್ಜಿಯೊಬ್ಬರಿಗೆ ಮಾತಿನ ಜೊತೆ ಹುಡುಕಿದರೆ ಆಚೆ ದಡದಲ್ಲಿ ನಮ್ಮಂಥ ಸಂಘಗಳೇ ಇರಬೇಕಲ್ಲವೇ? ನಮ್ಮ ಸಂಘದ ಹೆಸರು, ಭೇಟಿಯ ದಿನ, ಸಂಪರ್ಕಿಸಬೇಕಾದವರ ವಿವರ ಸ್ಥಳೀಯ ಸರ್ಜರಿಗಳ ಪಟ್ಟಿಯಲ್ಲಿ ಇದೆಯೇ ಎಂದು ಒಮ್ಮೆ ವಿಚಾರಿಸುವುದು ಸ್ವಯಂಸೇವಕರಿಂದ ಆಗಬಹುದಾದ ಕೆಲಸ.

ಇದು ನಮಗೆ ಹೊಸತೇನೂ ಅಲ್ಲ. ಇಂದಿನ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ವೇದ, ಶಾಸ್ತ್ರ, ವ್ಯಾಕರಣಗಳ ಅಧ್ಯಯನದ ನೆಲೆಯೆಂದು ಹೇಳಿ ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ನಾನಾ ಮತಗಳ ಭಿಕ್ಷುಗಳು ಇವರೆಲ್ಲರಿಗೂ ಅನ್ನ ಸಿಗುವ ತಾಣ ಅದೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ತಾಣವೆಂದೂ, ಸಕಲ ಜೀವಿಗಳಿಗೆ ಅಭಯದ ತಾಣವೆಂದೂ ಹೇಳುತ್ತದೆ. ವಿದ್ಯೆ, ಅನ್ನ, ಔಷಧ, ಅಭಯ ಎಲ್ಲವೂ ಒಂದೇ ಅಂಗಳದಲ್ಲಿದ್ದವು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಚೀಟಿ ಹಿಡಿದು ಅಲೆಯುವ ರೋಗಿಯನ್ನು ಮುಂದಿನ ಬಾರಿ ಕಂಡಾಗ ಆ ಅಂಗಳ ನಮ್ಮ ನೆನಪಿಗೆ ಬರಲಿ.